ಹೊದಿಕೆಯಲ್ಲಿ ಹೊಲಿದದ್ದು

ಮಾರ್ಚ್ 3

ಅಕ್ಕಾ,

ಓದಿ ಮುಗಿಸಿದ ಕೂಡಲೇ ಈ ಕಾಗದವನ್ನು ಹರಿದು ಒಲೆಗೆ ಹಾಕು. ಬೈಯುವುದಿದ್ದರೆ ಆಮೇಲೆ ಬೈ.

ಹೋದ ತಿಂಗಳು ನನಗೆ ಜ್ವರ ಎಂದು ಬರೆದಿದ್ದೆನಲ್ಲ, ಅದು ಸುಳ್ಳು. ಇವರು ರಜೆ ಮುಗಿಸಿ ಹಡಗಿಗೆ ಹೋದ ಮೇಲೆ ನನಗೆ ಕೆಳಗೆ ಉರಿ ಶುರುವಾಯಿತು. ಮೊದಲು ಮೈ ಕಾದಿರಬೇಕು ಅಂದುಕೊಂಡು ನೀರು ಕುಡಿದೆ, ಮಜ್ಜಿಗೆ ಕುಡಿದೆ. ಆಮೇಲೆ ಹಳದಿ ಸ್ರಾವ. ಮೂತ್ರಕ್ಕೆ ಕೂತರೆ ಬೆಂಕಿ. ಪ್ರೆಸ್ಸಿನಲ್ಲಿ ಹಾಳೆ ಮಡಚುವ ಮೇಜಿನ ಮುಂದೆ ನಿಲ್ಲಲಾಗದೆ, ಜೊತೆಯವರು ನೋಡದ ಹಾಗೆ ಅಂಚನ್ನು ಹಿಡಿದುಕೊಂಡು ನಿಲ್ಲುತ್ತಿದ್ದೆ. ಕೊನೆಗೆ ಲೇಡಿ ಡಾಕ್ಟರ ಹತ್ತಿರ ಹೋದೆ. ಅವರು ನೋಡಿ, ಕೈ ತೊಳೆದುಕೊಂಡು ಬಂದು, ನನ್ನ ಪಕ್ಕದಲ್ಲೇ ಕೂತು, "ನೋಡಮ್ಮ, ಇದು ನಿನ್ನಿಂದ ಆಗಿದ್ದಲ್ಲ. ನಿನ್ನ ಗಂಡನಿಂದ ಬಂದಿದ್ದು" ಅಂದರು.

ಸೂಜಿ, ಗುಳಿಗೆ ಎಲ್ಲ ಆಯಿತು. ಉರಿ ಹೋಯಿತು. ಆದರೆ ಅವರು ಹೇಳಿದ್ದು ಹೋಗುತ್ತಿಲ್ಲ. ಇವರಿಗೂ ಔಷಧಿ ಆಗಬೇಕಂತೆ. ಅಲ್ಲಿಯವರೆಗೆ, ಆಮೇಲೂ, ಕಾಂಡೋಮ್ ಇಲ್ಲದೆ ಕೂಡಬಾರದಂತೆ. ಈ ರೋಗ ಬಂದ ದಾರಿಯಲ್ಲೇ ಎಚ್‌ಐವಿಯೂ ಬರುತ್ತದಂತೆ, ರಕ್ತ ಪರೀಕ್ಷೆ ಮಾಡಿಸಿಕೊ ಎಂದು ಮೂಲೆಯ ಕೋಣೆ ತೋರಿಸಿದರು. ಅಲ್ಲಿ ರಕ್ತ ತೆಗೆಯುವವನು ನಮ್ಮ ಅತ್ತೆಗೆ ಪರಿಚಯದವನು. ಬಾಗಿಲ ತನಕ ಹೋಗಿ ವಾಪಸು ಬಂದುಬಿಟ್ಟೆ.

ಇವರು ಫೋನ್ ಮಾಡಿದಾಗ ಅತ್ತೆ ಅಡುಗೆಮನೆಗೆ ಹೋಗುವುದನ್ನೇ ಕಾದು ಹೇಳಿದೆ. ಪಿಸುಗುಟ್ಟಿ ಹೇಳಿದೆ. ಇವರಿಗೆ ಬಂದ ಸಿಟ್ಟು ನೋಡಬೇಕಿತ್ತು. "ಯಾವಳೋ ಡಾಕ್ಟರು ಹೇಳಿದ್ಲು ಅಂತ ಕಟ್ಕೊಂಡ ಗಂಡನ ಮೇಲೆ ಅನುಮಾನ ಪಡ್ತೀಯಾ? ಅದನ್ನ ಹಾಕ್ಕೊಂಡು ಬರೋಕೆ ನೀನೇನು ಬಂದರಿನವಳಾ?" ಹಾಗಾದರೆ ಬಂದರಿನಲ್ಲಿ ಹಾಕಿಕೊಳ್ಳುತ್ತೀರಾ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

ಮೇ ಎರಡನೇ ವಾರ ಬರುತ್ತಾರೆ. ಬೇಡ ಅಂದರೆ ಬಿಡುವ ಜನ ಅಲ್ಲ, ನಿನಗೆ ಗೊತ್ತು. ನಿನ್ನ ಹತ್ತಿರ ಬಂದುಬಿಡೋಣ ಅಂದರೆ ನೀನೇ ಮೂವರ ಜೊತೆ ಒಂದು ಕೋಣೆಯಲ್ಲಿದ್ದೀಯ. ಅತ್ತೆ ಬೇರೆ ಒಂದು ತಿಂಗಳಿಂದ ನನ್ನ ಪೆಟ್ಟಿಗೆ ಜಾಲಾಡುತ್ತಿದ್ದಾರೆ. ಮದುವೆಯಾಗಿ ಮೂರು ವರ್ಷವಾದರೂ ಮಗು ಇಲ್ಲವಲ್ಲ, ಗುಳಿಗೆ ನುಂಗುತ್ತಿದ್ದೇನೆ ಎಂದು ಹುಡುಕುತ್ತಾರೆ.

ನೀನು ಆಸ್ಪತ್ರೆಯಲ್ಲಿದ್ದೀಯ. ಹೊಲಿಗೆ ಕೋಣೆಯಲ್ಲಿ ಕೂತಿದ್ದರೂ ಆಸ್ಪತ್ರೆಯೇ ತಾನೇ? ಯಾರನ್ನಾದರೂ ಕೇಳು. ಗಂಡಸು ಒಪ್ಪದಿದ್ದರೂ ಹೆಂಗಸು ತಾನೇ ಮಾಡಿಕೊಳ್ಳುವಂಥದ್ದು ಏನಾದರೂ ಇದೆಯಾ? ನನಗೆ ಸಾಯಲು ಇಷ್ಟವಿಲ್ಲ ಅಕ್ಕಾ. ಅಷ್ಟೇ ವಿಷಯ.

ಪ್ರೆಸ್ಸಿನ ವಿಳಾಸಕ್ಕೇ ಬರೆ.

ನಿನ್ನ,
ಪುಟ್ಟಿ


ಮಾರ್ಚ್ 12

ಪುಟ್ಟಿ,

ಜ್ವರವಂತೆ ಜ್ವರ! ನಾನು ಇಲ್ಲಿ ಕೂತು ಕಷಾಯ ಕುಡಿ, ಬೆಚ್ಚಗೆ ಹೊದ್ದುಕೊ ಎಂದು ಬರೆಯುತ್ತಿದ್ದೆ. ನಿನ್ನ ಕಾಗದ ಓದಿ ಕೈಕಾಲು ಆಡಲಿಲ್ಲ. ಆವತ್ತು ಹೊಲಿದ ಆಪರೇಷನ್ ಗೌನುಗಳಿಗೆಲ್ಲ ತೋಳು ತಿರುವುಮುರುವು. ಮೇಲ್ವಿಚಾರಕಿ ಬಿಚ್ಚಿಸಿದಳು.

ಮೊದಲು ಬೈಗುಳ. ಪರೀಕ್ಷೆಯ ಬಾಗಿಲ ತನಕ ಹೋಗಿ ವಾಪಸು ಬಂದೆಯಲ್ಲ, ನಿನಗೆ ಬುದ್ಧಿ ಎಲ್ಲಿದೆ? ಅವನ್ಯಾರೋ ಪರಿಚಯದವನು ಏನಂದುಕೊಂಡಾನು ಎಂಬುದು ನಿನ್ನ ಜೀವಕ್ಕಿಂತ ಹೆಚ್ಚಾಯಿತೇ? ಬೇರೆ ಆಸ್ಪತ್ರೆಗೆ ಹೋಗು, ಬೇರೆ ಊರಿಗೆ ಹೋಗು, ಆದರೆ ಹೋಗು.

ಈಗ ವಿಷಯ. ಹೆರಿಗೆ ವಾರ್ಡಿನ ನರ್ಸಮ್ಮನನ್ನು ಹಿಡಿದೆ. ನಮ್ಮ ಸಂಬಂಧಿಕಳೊಬ್ಬಳಿಗೆ ಎಂದೆ. "ಯಾವಾಗ್ಲೂ ಸಂಬಂಧಿಕರಿಗೇ ಬೇಕಾಗಿರುತ್ತೆ ಬಿಡಿ" ಎಂದು ನಕ್ಕರು. ನನ್ನ ಮುಖ ಕೆಂಪಾಗಿತ್ತೇನೋ. ಅವರಿಗೆ ಮಾತ್ರ ನಾಚಿಕೆ ಅನ್ನುವುದು ಹುಟ್ಟಿದಾಗಲೇ ಬಿದ್ದುಹೋಗಿದೆ. ಊಟದ ಡಬ್ಬಿ ಪಕ್ಕಕ್ಕೆ ಸರಿಸಿ ಎಲ್ಲ ತೋರಿಸಿದರು.

ಗುಳಿಗೆ, ಡಾಕ್ಟರು ಗರ್ಭಕೋಶದೊಳಗೆ ಇಡುವ ವಂಕಿ ಎಲ್ಲ ಬಸಿರು ತಡೆಯುತ್ತವೆ, ರೋಗ ತಡೆಯುವುದಿಲ್ಲ. ಬಟ್ಟಲಿನ ಹಾಗೆ ಒಳಗೆ ಕೂರಿಸುವ ರಬ್ಬರಿನದೊಂದು ಇದೆ, ಅದೂ ಬಸಿರಿಗೇ. ರೋಗಕ್ಕೆ ಕಾಂಡೋಮ್ ಒಂದೇ. ಆದರೆ ಹೆಂಗಸರು ಹಾಕಿಕೊಳ್ಳುವ ಕಾಂಡೋಮೂ ಇದೆ ಪುಟ್ಟಿ! ನಾನು ಈ ವಯಸ್ಸಿಗೆ ಮೊದಲ ಸಲ ನೋಡಿದೆ. ತೆಳ್ಳನೆಯ ಚೀಲ, ಎರಡು ತುದಿಗೂ ಬಳೆಯಂಥ ಉಂಗುರ. ಮುಚ್ಚಿದ ತುದಿಯ ಉಂಗುರವನ್ನು ಬೆರಳಲ್ಲಿ ಅದುಮಿ ಉದ್ದ ಮಾಡಿ ಒಳಗೆ ತಳ್ಳಬೇಕು, ಎಷ್ಟು ಹೋಗುತ್ತದೋ ಅಷ್ಟು. ತೆರೆದ ತುದಿಯ ದೊಡ್ಡ ಉಂಗುರ ಹೊರಗೇ ಇರಬೇಕು. ಅವನು ಬರುವುದಕ್ಕೆ ಎಷ್ಟೋ ಹೊತ್ತು ಮೊದಲೇ ಹಾಕಿಕೊಂಡಿರಬಹುದು. ಕೂಡುವಾಗ ಪಕ್ಕದಿಂದ ನುಸುಳದ ಹಾಗೆ ನೋಡಿಕೊಳ್ಳಬೇಕು. ಆದಮೇಲೆ ಹೊರಗಿನ ಉಂಗುರ ತಿರುಚಿ, ಎಳೆದು, ಕಾಗದದಲ್ಲಿ ಸುತ್ತಿ ಕಸಕ್ಕೆ. ತೊಳೆದು ಇಟ್ಟುಕೊಳ್ಳಬಾರದು. ನೀನು ಪ್ಲಾಸ್ಟಿಕ್ ಚೀಲ ತೊಳೆದು ಒಣಗಿಸುವವಳು, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ನಿನ್ನ ಹಡಗಿನ ಸಾಹೇಬನಿಗೆ ಅಕಸ್ಮಾತ್ತಾಗಿ ಜ್ಞಾನೋದಯವಾಗಿ ತಾನೇ ಹಾಕಿಕೊಂಡರೆ ನೀನು ಹಾಕಿಕೊಳ್ಳಬೇಡ. ಎರಡೂ ಒಂದಕ್ಕೊಂದು ಉಜ್ಜಿ ಹರಿಯುತ್ತವಂತೆ. ಅವನದ್ದಕ್ಕೆ ಎಣ್ಣೆಗಿಣ್ಣೆ ಸವರಬಾರದು, ರಬ್ಬರು ಕೊಳೆಯುತ್ತದೆ.

ಹೊರಗಿನ ಉಂಗುರ ಅವನ ಕಣ್ಣಿಗೆ ಬೀಳುತ್ತದೆ. ಕೇಳಿದರೆ ಏನು ಹೇಳುತ್ತೀ ಯೋಚಿಸಿಟ್ಟುಕೊ. ನರ್ಸಮ್ಮ ಆರು ಕೊಡುತ್ತೇನೆ ಎಂದಿದ್ದಾರೆ. ಕಳಿಸುವುದು ಹೇಗೆ ಎಂಬುದೇ ನನ್ನ ತಲೆಬಿಸಿ.

ಇಂತಿ,
ನಿನ್ನ ಅಕ್ಕ


ಮಾರ್ಚ್ 20

ಅಕ್ಕಾ,

ನಿನ್ನ ಕಾಗದ ಪ್ರೆಸ್ಸಿನ ಬಚ್ಚಲಲ್ಲಿ ನಿಂತು ಓದಿದೆ. ಎಷ್ಟು ದಿನಕ್ಕೆ ನಗು ಬಂತೋ. ಆಮೇಲೆ ಅಳು ಬಂತು. ಹೊರಗೆ ಯಾರೋ ಬಾಗಿಲು ತಟ್ಟಿ, "ಒಳಗೇ ಮನೆ ಮಾಡ್ಕೊಂಡ್ಯಾ?" ಅಂದರು.

ಪರೀಕ್ಷೆಯ ಮಾತು ಎತ್ತಬೇಡ. ಇದೆ ಅಂತ ಗೊತ್ತಾದರೆ ನಾನು ಏನು ಮಾಡಲಿ? ಈಗ ಕಣ್ಣು ಮುಚ್ಚಿದರೆ ನಿದ್ದೆಯಾದರೂ ಬರುತ್ತದೆ. ಮುಂದೆ ಬರುವುದನ್ನು ತಡೆದುಕೊಂಡರೆ ಸಾಕು. ಅದೊಂದಕ್ಕೆ ದಾರಿ ಮಾಡು.

ಪ್ರೆಸ್ಸಿಗೆ ಪೊಟ್ಟಣ ಕಳಿಸಬೇಡ, ಮಾಲೀಕರು ಬಂದದ್ದನ್ನೆಲ್ಲ ಒಡೆಯುತ್ತಾರೆ. ಮನೆಗೆ ಕಳಿಸಿದರೆ ಅತ್ತೆ ಒಡೆಯುತ್ತಾರೆ. ಒಡೆದರೂ ಕಾಣದ ಹಾಗೆ ಕಳಿಸು. ನಿನ್ನ ಕೈಯಲ್ಲಿ ಸೂಜಿದಾರ ಇದೆಯಲ್ಲ.

ಪುಟ್ಟಿ


ಏಪ್ರಿಲ್ 6

ಪುಟ್ಟಿ,

ಮನೆಯ ವಿಳಾಸಕ್ಕೆ ಒಂದು ಹತ್ತಿ ಹೊದಿಕೆ ಬರುತ್ತದೆ. ನೀಲಿ ಬಟ್ಟೆ, ಬಿಳಿ ಅಂಚು. "ಅಕ್ಕ ಹೊಲಿದು ಕಳಿಸಿದಾಳೆ, ಇವರು ಬಂದಾಗ ಹೊದೆಯೋಕೆ" ಎಂದು ಅತ್ತೆಯ ಕೈಯಲ್ಲೇ ಬಿಚ್ಚಿಸು. ಕೊಡವಲಿ, ಮೂಸಲಿ, ಬೆಳಕಿಗೆ ಹಿಡಿಯಲಿ. ಏನೂ ಸಿಗುವುದಿಲ್ಲ.

ಬಿಳಿ ಅಂಚಿನಲ್ಲಿ ಒಂದು ಕಡೆ ದಾರ ಕೆಂಪು ಇದೆ. ಅಲ್ಲಿ ಬಿಚ್ಚು. ಪದರದ ನಡುವೆ ಹತ್ತಿಯೊಳಗೆ ಆರೂ ಇವೆ. ಸೀಮೆಸುಣ್ಣದಲ್ಲಿ ಗುರುತು ಹಾಕಿ ಪ್ರತಿಯೊಂದಕ್ಕೂ ಒಂದೊಂದು ಮನೆ ಮಾಡಿ ಸುತ್ತ ಹೊಲಿದಿದ್ದೇನೆ. ಊಟದ ಬಿಡುವಿನಲ್ಲಿ, ಎಲ್ಲರೂ ಕೈ ತೊಳೆಯಲು ಹೋದಾಗ ಹೊಲಿದದ್ದು. ಮೇಲ್ವಿಚಾರಕಿ ಬಂದಳು, ಗುರುತು ಕಾಣದ ಹಾಗೆ ಮಗುಚಿ ಹಾಕಿಕೊಂಡೆ. "ಯಾರಿಗೆ ಇಷ್ಟು ಮುತುವರ್ಜಿ?" ಎಂದಳು. ನನ್ನ ತಂಗಿಗೆ ಎಂದೆ. ಅವಳು ನಿಂತು ನೋಡುತ್ತಿದ್ದಳಲ್ಲ, ಹತ್ತಿ ಗುಂಪಾಗದಿರಲಿ ಎಂದು ನಮ್ಮಲ್ಲಿ ಎಲ್ಲ ಹೊದಿಕೆಗೂ ಹಾಕುವ ಅಡ್ಡ ಸಾಲುಗಳನ್ನೂ ಸರಸರ ಹಾಕಿಬಿಟ್ಟೆ. ಒಗೆದರೂ ಜಗ್ಗದು. ಅವಳೇ ಮುಟ್ಟಿ ನೋಡಿ, "ಕೈ ಅಂದ್ರೆ ಕೈ" ಎಂದಳು. ಹದಿನಾರು ವರ್ಷದಲ್ಲಿ ಅವಳ ಬಾಯಿಂದ ಬಿದ್ದ ಮೊದಲ ಒಳ್ಳೆಯ ಮಾತು.

ಅವನು ಬರುವ ಮೊದಲು ಒಂದನ್ನು ಖರ್ಚು ಮಾಡಿ ರೂಢಿ ಮಾಡಿಕೊ. ಮೊದಲ ಸಲ ಎಲ್ಲರೂ ಒದ್ದಾಡುತ್ತಾರಂತೆ.

ಪರೀಕ್ಷೆಯ ಮಾತು ಎತ್ತುವುದಿಲ್ಲ. ಎತ್ತಿಲ್ಲ ಎಂದೇ ತಿಳಿ.

ಅಕ್ಕ


ಮೇ 9

ಅಕ್ಕಾ,

ಹೊದಿಕೆ ಬಂದು ಎಷ್ಟೋ ದಿನವಾಯಿತು. ಅತ್ತೆ ಕೊಡವಿದರು, ಅಂಚು ಸವರಿ ನೋಡಿದರು, "ನಿಮ್ಮಕ್ಕನ ಹೊಲಿಗೆ ಚೆನ್ನಾಗಿದೆ" ಅಂದರು. ಆಮೇಲೆ ನನ್ನ ಮುಖವನ್ನೇ ಒಂದು ಗಳಿಗೆ ನೋಡಿ ಒಳಗೆ ಹೋದರು. ನನ್ನ ಜೀವ ಬಾಯಿಗೆ ಬಂದಿತ್ತು.

ನಿನ್ನೆ ಅವರು ಹೊರಗೆ ಹೋದಾಗ ಕೆಂಪು ದಾರ ಬಿಚ್ಚಿ ಕೈ ತೂರಿಸಿ ಒಂದನ್ನು ಎಳೆದುಕೊಂಡೆ. ಸ್ನಾನದ ಮನೆಯಲ್ಲಿ ಕಿಟಕಿಗೆ ಬಟ್ಟೆ ಕಟ್ಟಿ, ಕುಕ್ಕರಗಾಲಲ್ಲಿ ಕೂತು, ನೀನು ಬರೆದ ಹಾಗೆ ಉಂಗುರ ಅದುಮಿದೆ. ಅಯ್ಯೋ ದೇವರೇ, ಅದು ಮೀನಿನ ಹಾಗೆ ಜಾರಿ ಕೈಯಿಂದ ಹಾರಿ ಬಕೆಟ್ಟಿಗೆ ಬಿತ್ತು! ಮತ್ತೆ ಹಿಡಿದರೆ ಮತ್ತೆ ಹಾರಿತು. ನಾನು ಬಾಯಿಗೆ ಟವೆಲ್ ತುರುಕಿಕೊಂಡು ನಕ್ಕೆ. ಮೂರನೇ ಸಲಕ್ಕೆ ಕೂತಿತು. ನೋವಿಲ್ಲ ಅಕ್ಕಾ, ಏನೂ ಗೊತ್ತೇ ಆಗುವುದಿಲ್ಲ. ಅದನ್ನು ಹಾಕಿಕೊಂಡೇ ಮನೆ ಗುಡಿಸಿದೆ, ಪಾತ್ರೆ ತೊಳೆದೆ. ನನ್ನ ಮೈ ನನ್ನದು ಅನ್ನಿಸಿತು. ಮದುವೆಯಾದ ಮೇಲೆ ಹಾಗೆ ಅನ್ನಿಸಿದ್ದು ಇದೇ ಮೊದಲು.

ಇವರು ಕೇಳಿದರೆ, ಆ ಡಾಕ್ಟರು ಒಳಗೆ ಔಷಧಿ ಇಟ್ಟಿದ್ದಾರೆ, ತೆಗೆದರೆ ಮಗು ನಿಲ್ಲುವುದಿಲ್ಲ ಎನ್ನುತ್ತೇನೆ. ಮಗು ಅಂದರೆ ಸುಮ್ಮನಾಗುತ್ತಾರೆ.

ನಾಡಿದ್ದು ಬರುತ್ತಾರೆ.

ಪುಟ್ಟಿ


ಮೇ 12

ಅಕ್ಕಾ,

ಇವರು ಇನ್ನೂ ಮಲಗಿದ್ದಾರೆ. ಅಂಗಡಿಗೆ ಹೋಗುತ್ತೇನೆಂದು ಬಂದು ಅಂಚೆ ಕಚೇರಿಯ ಮೇಜಿನ ಮೇಲೆ ಬರೆಯುತ್ತಿದ್ದೇನೆ.

ನಿನ್ನೆ ಸಂಜೆಯೇ ಹಾಕಿಕೊಂಡಿದ್ದೆ. ಎಲ್ಲ ನೀನು ಹೇಳಿದ ಹಾಗೇ. ಇವರು ಔಷಧಿಯ ಮಾತನ್ನು ನಂಬಿದರು. ನಾನು ಸೂರು ನೋಡುತ್ತಾ, ಗೆದ್ದೆ, ಗೆದ್ದೆ ಅಂದುಕೊಂಡೆ. ಬೆಳಿಗ್ಗೆ ತಿರುಚಿ ಎಳೆದು ಸ್ನಾನದ ಮನೆಗೆ ಒಯ್ದೆ. ಕಸದಲ್ಲಿ ಅತ್ತೆಗೆ ಕಾಣಬಾರದಲ್ಲ, ಸ್ವಲ್ಪ ತೊಳೆದು ಕಾಗದದಲ್ಲಿ ಸುತ್ತೋಣ ಎಂದು ನಲ್ಲಿಯ ಕೆಳಗೆ ಹಿಡಿದೆ. ನೀರು ತುಂಬಿತು. ತುಂಬಿ, ಪಕ್ಕದಿಂದ ಸಣ್ಣಗೆ ಚಿಮ್ಮಿತು. ಒಂದು ಕಡೆಯಲ್ಲ. ಸಾಲಾಗಿ. ಒಂದೇ ಅಂತರದಲ್ಲಿ.

ನಾನು ನಿನ್ನ ಪಕ್ಕ ಕೂತು ಬೆಳೆದವಳು. ನಿನ್ನ ಹೊಲಿಗೆಯ ಅಂತರ ನನಗೆ ಗೊತ್ತಿಲ್ಲವೇ?

ಉಳಿದ ನಾಲ್ಕನ್ನೂ ಹೊರಗೆ ಎಳೆದು ಕಿಟಕಿಯ ಬೆಳಕಿಗೆ ಹಿಡಿದೆ. ಮೂರರ ಪೊಟ್ಟಣದ ಮೇಲೆ ಅದೇ ಚುಕ್ಕಿ. ನಿನ್ನ ಅಡ್ಡ ಸಾಲು ಅವುಗಳ ಮೇಲೇ ಹಾದುಹೋಗಿದೆ. ಆತುರದಲ್ಲಿ, ಕತ್ತಲೆಯಲ್ಲಿ ದಾರ ಹರಿದು ಎಳೆದುಕೊಂಡವಳು ನಾನು ಪೊಟ್ಟಣ ನೋಡಲೇ ಇಲ್ಲ.

ಈಗ ಏನು ಮಾಡಲಿ? ಇವರ ರಜೆ ಇನ್ನೂ ಇಪ್ಪತ್ತು ದಿನ ಇದೆ. ನೀನು ಮಾತ್ರ ಇಲ್ಲಿಗೆ ಬರಬೇಡ, ಬಂದರೆ ಇವರಿಗೆ ಅನುಮಾನ ಬಂದು ನನ್ನನ್ನು ಕೊಂದೇ ಹಾಕುತ್ತಾರೆ. ಬರೆ. ಏನಾದರೂ ಬರೆ.

ಪುಟ್ಟಿ


ಮೇ 17

ಪುಟ್ಟಿ, ಪುಟ್ಟಿ, ಪುಟ್ಟಿ,

ಇವತ್ತು ಬಂತು ನಿನ್ನ ಕಾಗದ. ಐದು ದಿನ. ಐದು ದಿನ ಅಂಚೆಯವರ ಚೀಲದಲ್ಲಿ ಕೂತಿತ್ತು.

ಕಾಗದ ಹಿಡಿದುಕೊಂಡೇ ನರ್ಸಮ್ಮನ ಹತ್ತಿರ ಓಡಿದೆ. ಈ ಸಲ ಸಂಬಂಧಿಕಳು ಅನ್ನಲಿಲ್ಲ, ನನ್ನ ತಂಗಿ ಎಂದೆ. ನಮಗೇ ವಾರ್ಡಿನಲ್ಲಿ ರೋಗಿಯ ಸೂಜಿ ಚುಚ್ಚಿದರೆ ಒಂದು ಗುಳಿಗೆ ಶುರುಮಾಡುತ್ತೇವೆ, ಆ ಗುಳಿಗೆ ಇವಳಿಗೂ ಆಗುತ್ತಿತ್ತು ಎಂದರು. ನನಗೆ ಹೋದ ಜೀವ ಬಂತು. "ಆದ್ರೆ ಮೂರು ದಿನದೊಳಗೆ ಶುರುಮಾಡ್ಬೇಕು" ಎಂದರು. ನಾನು ಕಾಗದದ ಮೇಲಿನ ತಾರೀಖು ತೋರಿಸಿದೆ. ಅವರು ನನ್ನ ಭುಜ ಹಿಡಿದುಕೊಂಡರು.

ಸುತ್ತ ಹೊಲಿದು ಮನೆ ಮಾಡಿದ್ದೆ, ಗುರುತೂ ಹಾಕಿದ್ದೆ. ಆದರೆ ಮಗುಚಿದ ಮೇಲೆ ಗುರುತು ಅಡಿಯಲ್ಲಿತ್ತು. ಕೈ ತನ್ನಷ್ಟಕ್ಕೆ ಓಡಿತು. ಹದಿನಾರು ವರ್ಷದಿಂದ ಅಡ್ಡ ಸಾಲು ಹಾಕದೆ ಒಂದು ಹೊದಿಕೆಯನ್ನೂ ಕೆಳಗಿಟ್ಟವಳಲ್ಲ ನಾನು. ಚೆನ್ನಾಗಿ ಹೊಲಿಯೋಣ ಎಂದು ಹೊಲಿದೆ ಪುಟ್ಟಿ. ಹಾಳಾದ ಕೈ! ಇವತ್ತು ಮಷೀನಿನ ಮುಂದೆ ಕೂರಲಾಗಲಿಲ್ಲ.

ನಿಮ್ಮ ಮನೆಗೆ ಫೋನ್ ಮಾಡಿದೆ. ನಿನ್ನ ಗಂಡ ಎತ್ತಿದ. ಎಲ್ಲ ಕ್ಷೇಮವೇ ಎಂದು ಕೇಳಿ ಇಟ್ಟುಬಿಟ್ಟೆ. ಪ್ರೆಸ್ಸಿಗೆ ಮಾಡಿದರೆ ನೀನು ರಜೆ ಎಂದರು. ಅದಕ್ಕೇ ಮನೆಯ ವಿಳಾಸಕ್ಕೇ ಬರೆಯುತ್ತಿದ್ದೇನೆ. ಅತ್ತೆ ಒಡೆದರೆ ಒಡೆಯಲಿ, ಹಾಳುಬಿದ್ದು ಹೋಗಲಿ.

ಗಮನ ಇಟ್ಟು ಓದು. ಅವನಿಗೆ ರೋಗ ಇದೆಯೋ ಇಲ್ಲವೋ ಗೊತ್ತಿಲ್ಲ. ಇದ್ದರೂ ಒಂದು ರಾತ್ರಿಗೆ ತಗುಲಿಯೇ ತಗುಲುತ್ತದೆ ಎಂದಿಲ್ಲವಂತೆ. ನೀನು ಎರಡು ಸಲ ಪರೀಕ್ಷೆ ಮಾಡಿಸಬೇಕು. ಒಂದು ಈಗಲೇ. ಈ ಪರೀಕ್ಷೆಯಲ್ಲಿ ಆ ರಾತ್ರಿಯದ್ದು ಕಾಣಿಸುವುದಿಲ್ಲ, ರಕ್ತದಲ್ಲಿ ತೋರಲು ಅದಕ್ಕೆ ವಾರಗಟ್ಟಲೆ ಬೇಕು. ಈಗ ಕಂಡರೆ ಅದು ಮೊದಲೇ ಇದ್ದದ್ದು. ಈಗ ಏನೂ ಇಲ್ಲ ಎಂದು ಬಂದರೆ ಮೂರು ತಿಂಗಳಾದ ಮೇಲೆ ಇನ್ನೊಂದು. ಅದು ನನ್ನ ಸೂಜಿಯ ಪರೀಕ್ಷೆ.

ಅಲ್ಲಿಯವರೆಗೆ ಅವನನ್ನು ಹತ್ತಿರ ಸೇರಿಸಬೇಡ. ಮುಟ್ಟಾಗಿದ್ದೇನೆ ಅನ್ನು, ತಲೆನೋವು ಅನ್ನು, ಹುಚ್ಚು ಹಿಡಿದಿದೆ ಅನ್ನು. ಉಳಿದದ್ದರಲ್ಲಿ ಚುಕ್ಕಿಯಿಲ್ಲದ್ದನ್ನೂ ನಂಬಬೇಡ.

ಪಾಪಿ ಅಕ್ಕ


ಮೇ 23

ಪುಟ್ಟಿ,

ಉತ್ತರವಿಲ್ಲ.

ನೀನು ಬರೆಯಬೇಡ, ಒಂದು ಖಾಲಿ ಹಾಳೆ ಕಳಿಸು. ಬದುಕಿದ್ದೀಯ ಎಂದು ತಿಳಿದರೆ ಸಾಕು. ಬೈದು ಬರೆದರೂ ಸರಿ. ಚಿಕ್ಕಂದಿನಲ್ಲಿ ನಿನ್ನ ಜಡೆ ಎಳೆದು ಕಟ್ಟಿದಾಗ ಬೈಯುತ್ತಿದ್ದೆಯಲ್ಲ, ಹಾಗೆ ಬೈ.

ದಿನಾ ಒಂದೇ ಬೇಡಿಕೊಳ್ಳುತ್ತಿದ್ದೇನೆ: ಮೊದಲ ಪರೀಕ್ಷೆಯಲ್ಲಿ ಏನೂ ಇಲ್ಲ ಎಂದು ಬರಲಿ. ಆಮೇಲೆ ಮೂರು ತಿಂಗಳು ನಾನು ಅನ್ನ ನೀರು ಬಿಟ್ಟಾದರೂ ಕಾಯುತ್ತೇನೆ.

ಅಕ್ಕ


ಮೇ 25

ಬೀಗರ ಮನೆಯ ದೊಡ್ಡವಳಿಗೆ,

ನಿನ್ನ ತಂಗಿಯ ಅತ್ತೆ ಬರೆಯುವುದು. ಕಾಗದ ಬರೆದು ರೂಢಿಯಿಲ್ಲ, ತಪ್ಪಿದ್ದರೆ ತಿದ್ದಿ ಓದಿಕೊ.

ನಿನ್ನ ಕಾಗದ ಬಂತು. ನಾನು ಒಡೆಯಲಿಲ್ಲ. ಅವಳ ಕೈಗೇ ಕೊಟ್ಟೆ. ಅವಳು ಓದಿ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಳು. ಅದಕ್ಕೆ ಮೊದಲೇ ನಾಲ್ಕಾರು ರಾತ್ರಿಯಿಂದ ನನ್ನ ಕೋಣೆಯಲ್ಲಿ ಬಂದು ಮಲಗುತ್ತಿದ್ದಳು. ಗಂಡ ರಜೆಗೆ ಬಂದಿರುವಾಗ ಅತ್ತೆಯ ಕೋಣೆಯಲ್ಲಿ ಯಾವ ಸೊಸೆ ಮಲಗುತ್ತಾಳೆ? ಏನಾಗಿದೆ ಹೇಳು ಅಂದೆ. ಎಲ್ಲ ಹೇಳಿದಳು. ಹೊದಿಕೆಯದ್ದೂ ಹೇಳಿದಳು.

ಪೆಟ್ಟಿಗೆ ಹುಡುಕಿದೆ ಅಂತ ನನ್ನ ಮೇಲೆ ನಿಮಗೆ ಸಿಟ್ಟಿದೆ. ಹುಡುಕಿದ್ದು ಗುಳಿಗೆಗಲ್ಲ. ಇವಳು ಜ್ವರ ಅಂತ ಮಲಗಿದಾಗ ಇವಳ ನಡಿಗೆ ನೋಡಿದೆ. ಒಂದು ಕಾಲದಲ್ಲಿ ನನ್ನ ನಡಿಗೆಯೂ ಹಾಗೇ ಇತ್ತು. ಇವಳ ಮಾವನೂ ಹಡಗಿನಲ್ಲೇ ಇದ್ದವರು. ಅವರು ತಂದು ಕೊಟ್ಟ ರೋಗಕ್ಕೆ ನನ್ನ ಎರಡು ಕೂಸು ಹೊಟ್ಟೆಯಲ್ಲೇ ಸತ್ತವು. ಸೂಜಿ ಹಾಕಿಸಿಕೊಂಡ ಮೇಲೆ ಇವನೊಬ್ಬ ಉಳಿದ. ಡಾಕ್ಟರ ಚೀಟಿ ಏನಾದರೂ ಸಿಕ್ಕರೆ ಗೊತ್ತಾದೀತು ಅಂತ ಪೆಟ್ಟಿಗೆ ನೋಡುತ್ತಿದ್ದೆ. ಬಾಯಿಬಿಟ್ಟು ಕೇಳಬೇಕಿತ್ತು. ಸೊಸೆಯ ಹತ್ತಿರ ಇಂಥದ್ದು ಹೇಗೆ ಕೇಳುವುದು ಅಂತ ನಾಚಿಕೆ. ಅವಳಿಗೂ ನಾಚಿಕೆ. ನನ್ನ ಕಣ್ಣು ತಪ್ಪಿಸೋಕೆ ತಾನೇ ನೀನು ಹತ್ತಿಯೊಳಗೆ ಹೊಲಿದದ್ದು? ಕೈಯಲ್ಲಿ ಹಿಡಿದು ತಂದಿದ್ದರೆ ನಾನೇ ಅವಳ ದಿಂಬಿನ ಕೆಳಗೆ ಇಡುತ್ತಿದ್ದೆನಲ್ಲೇ ತಾಯಿ.

ಮಗನನ್ನು ಕರೆದು ಕೂರಿಸಿ ಕೇಳಿದೆ. "ನಂಗೇನೂ ಇಲ್ಲ, ಆ ಹೆಂಗಸಿನ ಮಾತು ಕೇಳ್ಕೊಂಡು ನೀನೂ ಶುರುಮಾಡಿದ್ಯಾ?" ಅಂದ. ರಕ್ತ ಕೊಟ್ಟು ಆಮೇಲೆ ಮಾತಾಡು ಅಂದೆ. ಮರುದಿನವೇ ಚೀಲ ಕಟ್ಟಿಕೊಂಡು ಹೊರಟ. ರಜೆ ಇನ್ನೂ ಇತ್ತು. ಹೋಗಲಿ ಅಂತ ಬಾಗಿಲು ಹಾಕಿಕೊಂಡೆ.

ಇವಳನ್ನು ನಿನ್ನೆ ನಾನೇ ಕರೆದುಕೊಂಡು ಹೋದೆ. ಆ ಮೂಲೆಯ ಕೋಣೆಯವನು ನನ್ನನ್ನು ನೋಡಿ, "ಏನಮ್ಮಾ, ನೀವಿಲ್ಲಿ?" ಅಂದ. ಸೊಸೆಯ ರಕ್ತ ತೆಗೆ, ಬೇಕಾದರೆ ನನ್ನದೂ ತೆಗೆ ಅಂದೆ. ವರದಿ ಮುಂದಿನ ವಾರ. ಅವಳು ಉಣ್ಣುತ್ತಿಲ್ಲ. ನಿನಗೆ ಬರೆಯಲು ಹೇಳಿದರೆ ಹಾಳೆ ಮುಂದಿಟ್ಟುಕೊಂಡು ಕೂರುತ್ತಾಳೆ, ಅಷ್ಟೇ. ನಿನ್ನ ಮೇಲೆ ಸಿಟ್ಟಿಲ್ಲ ಅನ್ನುತ್ತಾಳೆ. ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ.

ಇಂತಿ,
ಅವಳ ಅತ್ತೆ


ಜೂನ್ 3

ಅಕ್ಕಾ,

ನಿನ್ನ ಸೂಜಿಯಲ್ಲ.

ವರದಿ ಬಂತು. ಇದೆ. ಒಂದು ಸಲ ನೋಡಿ ನಂಬದೆ ಇನ್ನೊಂದು ಬಗೆಯಲ್ಲೂ ನೋಡಿದರಂತೆ. ಆ ರಾತ್ರಿಯದ್ದು ಇಷ್ಟು ಬೇಗ ಕಾಣಲು ಸಾಧ್ಯವೇ ಇಲ್ಲ, ಇದು ಕೆಲವು ತಿಂಗಳಾದರೂ ಹಳೆಯದು ಎಂದು ಲೇಡಿ ಡಾಕ್ಟರು ಹೇಳಿದರು. ಅಂದರೆ ನಾನು ನಿನಗೆ ಮೊದಲ ಕಾಗದ ಬರೆದಾಗಲೇ ಇತ್ತು. ಮಾರ್ಚಿನಲ್ಲಿ ಸಾಯಲು ಇಷ್ಟವಿಲ್ಲ ಎಂದು ಬರೆದೆನಲ್ಲ, ಆಗಲೇ. ನೀನು ಹೊದಿಕೆ ಹೊಲಿಯುವಾಗ, ನಾನು ಸ್ನಾನದ ಮನೆಯಲ್ಲಿ ನಗುವಾಗ, ನನ್ನ ಮೈ ನನ್ನದು ಅಂದುಕೊಂಡು ಮನೆ ಗುಡಿಸುವಾಗ, ಎಲ್ಲ ಹೊತ್ತೂ ಒಳಗೇ ಇತ್ತು. ನಾನು ಬಾಗಿಲಿಗೆ ಅಗಳಿ ಹಾಕುತ್ತಿದ್ದೆ, ಕಳ್ಳ ಒಳಗೇ ಕೂತು ನೋಡುತ್ತಿದ್ದ.

ಸಿಟ್ಟು ಇತ್ತು ಅಕ್ಕಾ. ಅತ್ತೆಗೆ ಸುಳ್ಳು ಹೇಳಿದ್ದೆ. ನಿನ್ನನ್ನು ಎಷ್ಟು ಬೈದೆ ಎಂದರೆ ಬರೆದರೆ ಕಾಗದ ಸುಟ್ಟುಹೋಗುತ್ತಿತ್ತು. ವರದಿ ಓದಿದ ಮೇಲೆ ಬೈಯಲು ನೀನೂ ಇಲ್ಲದ ಹಾಗಾಯಿತು. ಇವರನ್ನು ಬೈಯಬೇಕು. ಅದು ಗೊತ್ತು. ಆದರೆ ಇವರನ್ನು ನೆನೆಸಿಕೊಂಡರೆ ಬೈಗುಳವೂ ಬರುವುದಿಲ್ಲ, ಸುಮ್ಮನೆ ಚಳಿಯಾಗುತ್ತದೆ.

ಗುಳಿಗೆ ಶುರುವಾಗಿದೆ. ದಿನಾ ನುಂಗಬೇಕು, ಜೀವಮಾನ ಪೂರ್ತಿ. ತಪ್ಪಿಸದೆ ನುಂಗಿದರೆ ಮುದುಕಿಯಾಗುವವರೆಗೂ ಬದುಕಬಹುದು, ಮುಂದೆ ಮಗುವನ್ನೂ ರೋಗ ತಗುಲದ ಹಾಗೆ ಹೆರಬಹುದು ಎಂದು ಡಾಕ್ಟರು ಹೇಳಿದರು. ನಾನು ತಲೆಯಾಡಿಸಿದೆ. ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ.

ಅತ್ತೆ ನನ್ನ ಪಕ್ಕದಲ್ಲೇ ಹಾಸಿಗೆ ಹಾಕಿಕೊಳ್ಳುತ್ತಾರೆ. ನಿನ್ನೆ ನನ್ನ ತಟ್ಟೆಯಿಂದಲೇ ಎರಡು ತುತ್ತು ಎತ್ತಿ ತಿಂದರು, ನನಗೆ ತೋರಿಸೋಕೆ ಅಂತಲೇ. ಆಗ ನಾನು ಅತ್ತುಬಿಟ್ಟೆ. ಮೊದಲ ಸಲ ಜೋರಾಗಿ.

ನೀನು ಮಷೀನಿನ ಮುಂದೆ ಕೂತುಕೊ. ನಿನ್ನದೇನೂ ತಪ್ಪಿಲ್ಲ, ಕಾಗದದಲ್ಲೇ ಇದೆ, ಡಾಕ್ಟರೇ ಹೇಳಿದ್ದಾರೆ.

ಪುಟ್ಟಿ


ಜೂನ್ 8

ಪುಟ್ಟಿ,

ಇದನ್ನು ಬರೆಯದಿದ್ದರೂ ನಡೆಯುತ್ತಿತ್ತು. ಆದರೆ ಬರೆಯದೆ ನಿನ್ನ ಮುಖ ನೋಡಲಾರೆ.

ನಿನ್ನ ಕಾಗದ ಊಟದ ಬಿಡುವಿನಲ್ಲಿ ಬಂತು. ನಿಂತಲ್ಲೇ ಒಡೆದೆ. ನಿನ್ನ ಸೂಜಿಯಲ್ಲ ಎಂಬ ಸಾಲು ಮೊದಲು ಕಣ್ಣಿಗೆ ಬಿತ್ತು. ಮುಂದಿನದನ್ನೂ ಓದಿದೆ, ಇದೆ ಎಂಬುದನ್ನೂ ಓದಿದೆ. ಓದಿಯೂ, ಒಂದು ಗಳಿಗೆ, ನನಗೆ ಹಾಯೆನಿಸಿತು. ಹೌದು ಪುಟ್ಟಿ. ನಿನಗೆ ಆ ರೋಗ ಇದೆ ಎಂಬ ಕಾಗದ ಕೈಯಲ್ಲಿ ಹಿಡಿದುಕೊಂಡು ನಾನು, ನಿನ್ನನ್ನು ಎತ್ತಿ ಆಡಿಸಿದ ಅಕ್ಕ, ಉಸಿರು ಬಿಟ್ಟೆ. ಮೂರು ವಾರದಿಂದ ಕಟ್ಟಿಕೊಂಡಿದ್ದ ಉಸಿರು. ಪಕ್ಕದ ಮಷೀನಿನವಳು, "ಏನು, ಒಳ್ಳೆ ಸುದ್ದಿನಾ?" ಎಂದು ಕೇಳಿದಳು.

ಅವಳು ಕೇಳಿದ ಮೇಲೆ ನನಗೆ ನಾನು ಏನು ಮಾಡಿದೆನೆಂದು ತಿಳಿಯಿತು.

ನನ್ನ ಸೂಜಿಯೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು. ಆಗ ಮೂರು ತಿಂಗಳ ಆಸೆಯಾದರೂ ನಿನಗೆ ಉಳಿಯುತ್ತಿತ್ತು. ತಗುಲಿಯೇ ತಗುಲುತ್ತದೆ ಎಂದಿಲ್ಲ ಅಂದಿದ್ದರಲ್ಲ ನರ್ಸಮ್ಮ. ನೀನು ಜನ್ಮವಿಡೀ ನನ್ನನ್ನು ಬೈದುಕೊಂಡು, ಏನೂ ಇಲ್ಲದೆ, ಗಟ್ಟಿಮುಟ್ಟಾಗಿ ಇರುತ್ತಿದ್ದೆಯೇನೋ. ನಿನ್ನ ಆಸೆ ಹೋಗಿ ನನ್ನ ತಪ್ಪು ಹೋಯಿತು. ಇಂಥ ಬಿಡುಗಡೆ ನನಗೆ ಬೇಡವಾಗಿತ್ತು.

ನೀನು ಬರಬೇಡ ಎಂದಿದ್ದೆ. ಯಾರ ಕಾರಣಕ್ಕೆ ಅಂದಿದ್ದೆಯೋ ಅವನು ಈಗ ಅಲ್ಲಿಲ್ಲ. ಮೇಲ್ವಿಚಾರಕಿ ರಜೆ ಕೊಡುವುದಿಲ್ಲ ಎಂದಳು, ಕೇಳಲು ಬಂದಿಲ್ಲ, ಹೇಳಲು ಬಂದಿದ್ದೇನೆ ಎಂದೆ. ನಾಳೆ ಬೆಳಗಿನ ಗಾಡಿಗೆ ಹೊರಡುತ್ತೇನೆ. ಈ ಕಾಗದಕ್ಕಿಂತ ನಾನೇ ಮೊದಲು ಬಂದರೂ ಬರಬಹುದು. ಹಾಗಾದರೆ ಇದನ್ನು ನನ್ನ ಎದುರಿಗೇ ಓದು, ಓದಿ ನನ್ನನ್ನು ಏನು ಬೇಕಾದರೂ ಅನ್ನು. ಎದ್ದು ಹೋಗು ಅಂದರೆ ಮಾತ್ರ ಹೋಗುವುದಿಲ್ಲ.

ಅಕ್ಕ